ವೈನ್ ಸುರಿದ್ರೆ ರಾಕೆಟ್ ಹಾರುತ್ತಾ? ಆ ಸಿನಿಮಾ ಯಾರನ್ನ ನೋಡಿ ನಗ್ತಿದೆ?

ಓದುಗರ ಪ್ರಶ್ನೆ: ಸರ್, ನಾನು ಹಾಸನದ ಕಡೆ ಒಂದು ಹೈಸ್ಕೂಲಲ್ಲಿ ಸೈನ್ಸ್ ಟೀಚರ್. ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನಕ್ಕೆ ಮಕ್ಕಳಿಗೆ 'ದಿ ಮೌಸ್ ಆನ್ ದಿ ಮೂನ್' ಅನ್ನೋ 1963ರ ಇಂಗ್ಲಿಷ್ ಕಾಮಿಡಿ ತೋರಿಸ್ಬೇಕು ಅಂತ ಆಸೆ. ಕಥೆ ನಿಮಗೆ ಗೊತ್ತಿರಬಹುದು, ಗ್ರ್ಯಾಂಡ್ ಫೆನ್ವಿಕ್ ಅಂತ ಅಂಗೈಯಗಲದ ದೇಶ, ಅರಮನೆಯಲ್ಲಿ ಬಿಸಿನೀರಿಗೂ ಗತಿ ಇಲ್ಲ, ಪ್ರಧಾನಿ ಚಂದ್ರನ ಹೆಸರು ಹೇಳಿ ಅಮೆರಿಕದ ಹತ್ರ ದುಡ್ಡು ಕೇಳ್ತಾನೆ, ರಷ್ಯಾದವರು ತಮ್ಮ ಹಳೇ ರಾಕೆಟ್ ಕಳಿಸ್ತಾರೆ, ಊರಿನ ವೈನೇ ಇಂಧನ ಆಗಿ ಕೊನೆಗೆ ಇವರೇ ಎಲ್ಲರಿಗಿಂತ ಮುಂಚೆ ಚಂದ್ರನ ಮೇಲೆ ಇಳೀತಾರೆ. ನಮ್ಮ ಸೋಷಿಯಲ್ ಮೇಷ್ಟ್ರು ಇದು ಬಡ ದೇಶಗಳನ್ನ ಆಡಿಕೊಳ್ಳೋ ಸಿನಿಮಾ, ನಮ್ಮ ಇಸ್ರೋಗೂ ಹಿಂದೆ ಹೀಗೇ ನಕ್ಕಿದ್ರು, ಬೇಡವೇ ಬೇಡ ಅಂತಾರೆ. ಇನ್ನೊಂದು, ನಾನು ಕಥೆ ಹೇಳಿದ್ದೇ ತಪ್ಪಾಯ್ತೋ ಏನೋ, ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ದ್ರಾಕ್ಷಿ ರಸಕ್ಕೆ ಸಕ್ಕರೆ, ಬೇಕರಿ ಈಸ್ಟ್ ಹಾಕಿ ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿ ಲ್ಯಾಬ್ ಬೀರುವಿನಲ್ಲಿ ಇಟ್ಟಿದಾನೆ, 'ರಾಕೆಟ್ ಫ್ಯೂಯಲ್' ಅಂತ ಲೇಬಲ್ ಬೇರೆ, ಆಗಲೇ ಐದು ದಿನ ಆಯ್ತು. ವೈನಲ್ಲಿ ನಿಜವಾಗ್ಲೂ ರಾಕೆಟ್ ಹಾರುತ್ತಾ? ಸೆಕೆಂಡಿಗೆ 11.2 ಕಿ.ಮೀ. ವೇಗ ಇಲ್ದೆ ಭೂಮಿ ಬಿಟ್ಟು ಹೋಗೋಕಾಗಲ್ಲ ಅಂತ ನಾನೇ ಪಾಠ ಮಾಡಿದೀನಿ, ಸಿನಿಮಾದಲ್ಲಿ ಇವರು ನಿಧಾನಕ್ಕೆ ಮೂರು ವಾರ ತಗೊಂಡು ಹೋಗ್ತಾರೆ, ಮಕ್ಕಳು ಕೇಳಿದ್ರೆ ಏನ್ ಹೇಳ್ಲಿ? ನಿಜವಾದ ಪುಟ್ಟ ದೇಶಗಳು ಬಾಹ್ಯಾಕಾಶಕ್ಕೆ ಹೋಗಿದ್ದುಂಟಾ? ಆ ಬಚ್ಚಲುಮನೆ ಸೀನ್‌ಗಳನ್ನ ಕಟ್ ಮಾಡಿ ತೋರಿಸ್ಲಾ?

ಉತ್ತರ: ಮೇಡಂ, ಸಿನಿಮಾ ವಿಷ್ಯ ಆಮೇಲೆ, ಮೊದಲು ಆ ಬೀರುವಿನ ಬಾಗಿಲು ಮುಚ್ಚಿ ಮಕ್ಕಳನ್ನ ಲ್ಯಾಬಿಂದ ಆಚೆ ಕಳಿಸಿ.

ಹೆದರಿಸ್ತಿಲ್ಲ, ಆದ್ರೆ ನಿಮ್ಮ ಇಡೀ ಪತ್ರದಲ್ಲಿ ನಿಜವಾಗ್ಲೂ ಅಪಾಯ ಇರೋದು ಅದೊಂದೇ. ಈಸ್ಟ್ ಸಕ್ಕರೆನ ತಿಂದು ಆಲ್ಕೋಹಾಲ್ ಮಾಡುತ್ತೆ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ಮುಚ್ಚಳ ಬಿಗಿಯಾಗಿದ್ರೆ ಆ ಗ್ಯಾಸಿಗೆ ಹೋಗೋಕೆ ಜಾಗ ಇಲ್ಲ. ಶಾಂಪೇನ್ ಬಾಟಲಿ ಒಳಗೆ ಐದಾರು ವಾತಾವರಣದಷ್ಟು ಒತ್ತಡ ಇರುತ್ತೆ, ಅಂದ್ರೆ ಕಾರಿನ ಟೈರಿಗಿಂತ ಎರಡೂವರೆ ಪಟ್ಟು ಹತ್ರ, ಅದಕ್ಕೇ ಅವರು ದಪ್ಪ ಗಾಜು ಹಾಕಿ ಬಿರಡೆಗೆ ತಂತಿ ಕಟ್ಟಿ ಇಟ್ಟಿರ್ತಾರೆ. ನಮ್ಮ ಶರಬತ್ತಿನ ಬಾಟಲಿಗೆ ಆ ತಾಕತ್ತಿಲ್ಲ. ಅದನ್ನ ಅಲ್ಲಾಡಿಸ್ಬೇಡಿ, ಅಲ್ಲೇ ನಿಂತು ತಿರುಗಿಸೋಕೂ ಹೋಗ್ಬೇಡಿ. ದೊಡ್ಡವರು ಒಬ್ರು ಲ್ಯಾಬಿನ ಸುರಕ್ಷತಾ ಕನ್ನಡಕ, ದಪ್ಪ ಗ್ಲೌಸ್ ಹಾಕ್ಕೊಂಡು, ದಪ್ಪ ಒದ್ದೆ ಗೋಣಿಚೀಲ ಸುತ್ತಿ, ಬಕೆಟಲ್ಲಿಟ್ಟು ಆಚೆ ನೆರಳಿಗೆ ತಗೊಂಡು ಹೋಗಿ. ಸುತ್ತ ಐಸ್ ಸುರಿದು ಒಂದೆರಡು ಗಂಟೆ ತಣ್ಣಗಾಗೋಕೆ ಬಿಡಿ, ತಣ್ಣಗಾದಷ್ಟೂ ಒತ್ತಡ ಇಳಿಯುತ್ತೆ. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು, ಗೋಣಿ ಸಮೇತ ಮುಚ್ಚಳನ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ, ಬುಸ್ ಅನ್ನೋ ಸದ್ದು ಪೂರ್ತಿ ನಿಲ್ಲೋ ತನಕ ಕಾಯಿರಿ. ಹುಡುಗನಿಗೆ ಬೈಬೇಡಿ ದಯವಿಟ್ಟು, ಲೇಬಲ್ ಬರೆದಿದ್ದಾನೆ ನೋಡಿ, ಏನಿದೆ ಅಂತ ಬರೆಯದೆ ಇಟ್ಟ ಬಾಟಲಿಗಳನ್ನ ನಾನು ದೊಡ್ಡ ದೊಡ್ಡ ಲ್ಯಾಬುಗಳಲ್ಲೇ ನೋಡಿದೀನಿ.

ನಾನು ಯಾರು ಅಂತ ಒಂದು ಸಾಲಲ್ಲಿ ಹೇಳ್ಬಿಡ್ತೀನಿ, ರಾಕೆಟ್ ಎಂಜಿನ್ ಉರಿಸಿ ಪರೀಕ್ಷೆ ಮಾಡೋ ಕಡೆ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ರಿಟೈರ್ ಆದವನು. ಈ ಸಿನಿಮಾನ ಮೂರು ಸಲ ನೋಡಿದೀನಿ, ಮೊದಲ ಸಲ ಸೈನ್ಸ್ ತಪ್ಪು ಹುಡುಕ್ತಾ ನೋಡಿದೆ, ಎರಡನೇ ಸಲ ನಗ್ತಾ ನೋಡಿದೆ, ಮೂರನೇ ಸಲ ಆ ಪ್ರಧಾನಿ ದುಡ್ಡು ಕೇಳೋ ಜಾಗಕ್ಕೆ ಬಂದಾಗ ಸ್ವಲ್ಪ ನಾಚಿಕೆ ಆಯ್ತು, ಯಾಕೆ ಅಂತ ಮುಂದೆ ಹೇಳ್ತೀನಿ.

ವೈನ್ ವಿಷ್ಯ. ಇದ್ರಲ್ಲಿ ಅರ್ಧ ಸುಳ್ಳು, ಅರ್ಧ ನಿಜ, ನಿಜ ಇರೋ ಅರ್ಧ ಜನಕ್ಕೆ ಗೊತ್ತಿಲ್ಲ. ವೈನಲ್ಲಿ ಆಲ್ಕೋಹಾಲ್ ಇರೋದು ನೂರಕ್ಕೆ ಹನ್ನೆರಡು ಹದಿಮೂರು, ಮಿಕ್ಕಿದ್ದು ಹೆಚ್ಚುಕಮ್ಮಿ ನೀರೇ, ಬೆಂಕಿ ಕಡ್ಡಿ ಗೀರಿ ಹಾಕಿದ್ರೆ ಕಡ್ಡಿನೇ ಆರಿ ಹೋಗುತ್ತೆ. ಸಿನಿಮಾದಲ್ಲಿ ಬಾಟಲಿಗಳು ಸಿಡಿಯೋದು ನಿಮ್ಮ ಹುಡುಗನ ಬಾಟಲಿ ಸಿಡಿಯೋಕೆ ಕಾದು ಕೂತಿರೋ ಕಾರಣಕ್ಕೇ, ಅದು ಗ್ಯಾಸಿನ ಒತ್ತಡ, ಉರಿಯೋ ಶಕ್ತಿ ಅಲ್ಲ. ಕುಕ್ಕರ್ ಸಿಡಿದ್ರೆ ಒಳಗಿರೋ ಬೇಳೆ ಸಿಡಿಮದ್ದು ಅಂತ ಯಾರೂ ಅನ್ನಲ್ಲ ಅಲ್ವಾ, ಹಾಗೆ.

ಆದ್ರೆ ಅದೇ ವೈನನ್ನ ಭಟ್ಟಿ ಇಳಿಸಿ ನೂರಕ್ಕೆ ಎಪ್ಪತ್ತೈದು ಆಲ್ಕೋಹಾಲ್ ಮಾಡಿ, ಪಕ್ಕದ ಟ್ಯಾಂಕಲ್ಲಿ ದ್ರವ ಆಕ್ಸಿಜನ್ ಇಟ್ರೆ, ಅದು ಪಕ್ಕಾ ರಾಕೆಟ್ ಇಂಧನ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಿದ್ದ ಜರ್ಮನಿಯ ವಿ-2 ಹಾರಿದ್ದು ಇದರ ಮೇಲೇ, ಕೈದಿಗಳನ್ನ ಜೀತಕ್ಕಿಟ್ಟು ಕಟ್ಟಿಸಿದ ರಾಕೆಟ್ ಅದು, ಅದಕ್ಕೆ ಬೇಕಾದ ಆಲ್ಕೋಹಾಲನ್ನ ಆಲೂಗಡ್ಡೆಯಿಂದ ತೆಗೀತಿದ್ರು. ಹಾಸನದ ಮಕ್ಕಳಿಗೆ ಆಲೂಗಡ್ಡೆ ಅಂದ್ರೆ ಬೇರು ಸಮೇತ ಗೊತ್ತಿರುತ್ತೆ, ಈ ಮಾತು ಹೇಳಿ, ಕ್ಲಾಸ್ ಎದ್ದು ಕೂರುತ್ತೆ. ಅಷ್ಟೇ ಅಲ್ಲ, ಅಮೆರಿಕದ ಮೊದಲ ಗಗನಯಾತ್ರಿ ಅಲನ್ ಶೆಪರ್ಡ್ 1961ರ ಮೇ 5ಕ್ಕೆ ಬಾಹ್ಯಾಕಾಶ ಮುಟ್ಟಿ ಬಂದ ರೆಡ್‌ಸ್ಟೋನ್ ರಾಕೆಟ್ಟಿಗೂ ಆಲ್ಕೋಹಾಲೇ ಇಂಧನ. ಸಿನಿಮಾ ಬಂದಿದ್ದು ಅದಾಗಿ ಎರಡು ವರ್ಷಕ್ಕೆ. ಹಾಗಾಗಿ ಬರೆದವರು ಏನೂ ಗೊತ್ತಿಲ್ದೆ ವೈನ್ ಅಂದ್ರು ಅನ್ನೋಕಾಗಲ್ಲ, ಗೊತ್ತಿದ್ದೇ ಒಂದು ಹೆಜ್ಜೆ ಆಚೆ ಎಳೆದಿದ್ದಾರೆ. ಎಲ್ಲರೂ ಮರೆಯೋದು ಆಕ್ಸಿಜನ್ನನ್ನ. ವಿ-2ನಲ್ಲಿ ಆಲ್ಕೋಹಾಲಿಗಿಂತ ಆಕ್ಸಿಜನ್ನಿನ ತೂಕವೇ ಜಾಸ್ತಿ. ಒಲೆ ಊದೋಕೆ ಗಾಳಿ ಇಲ್ಲದ ಕಡೆ ಹೋಗ್ಬೇಕಾದ್ರೆ ಗಾಳಿನೂ ಗಂಟು ಕಟ್ಟಿಕೊಂಡೇ ಹೋಗ್ಬೇಕು. ನಮ್ಮ ಇಸ್ರೋ ರಾಕೆಟ್ಟುಗಳ ವಿಕಾಸ್ ಎಂಜಿನ್ನಿಗೂ ಎರಡು ಟ್ಯಾಂಕು, ಒಂದ್ರಲ್ಲಿ ಯುಎಚ್25 ಅನ್ನೋ ಇಂಧನ, ಇನ್ನೊಂದ್ರಲ್ಲಿ ಉರಿಯೋಕೆ ಆಕ್ಸಿಜನ್ ಒದಗಿಸೋ ನೈಟ್ರೋಜನ್ ಟೆಟ್ರಾಕ್ಸೈಡ್. ಎರಡೂ ಎಷ್ಟು ವಿಷ ಅಂದ್ರೆ ತುಂಬೋವಾಗ ಮೈತುಂಬ ಸೂಟು ಹಾಕ್ಕೊಂಡು ಹೋಗ್ಬೇಕು. ಆ ಸೂಟೊಳಗೆ ಬೆವರಿಳಿಸಿಕೊಂಡು ನಿಂತ ದಿನಗಳಲ್ಲಿ ಫೆನ್ವಿಕ್‌ನವರ ವೈನ್ ನೆನೆಸಿಕೊಂಡು ಹೊಟ್ಟೆ ಉರಿದಿದ್ದುಂಟು.

ಈಗ ನಿಮ್ಮ 11.2. ನೀವು ಪಾಠ ಮಾಡಿದ್ದು ತಪ್ಪಲ್ಲ, ಆದ್ರೆ ಅದರ ಮುಂದೆ ಒಂದು ಮಾತು ಬಿಟ್ಟು ಹೋಗಿದೆ. ಕಲ್ಲೆಸೆದ ಹಾಗೆ ಒಂದೇ ಸಲ ಎಸೆದು ಕೈಬಿಟ್ರೆ ಆ ವೇಗ ಬೇಕು. ಎಂಜಿನ್ ಉರೀತಾನೇ ಇದ್ರೆ ನಿಧಾನಕ್ಕೂ ಹೋಗ್ಬಹುದು, ಯಾವ ನಿಯಮವೂ ಅಡ್ಡ ಬರಲ್ಲ. ಅಡ್ಡ ಬರೋದು ಇಂಧನದ ಲೆಕ್ಕ. ಇದನ್ನ ಬೋರ್ಡ್ ಮೇಲೆ ಮಾಡಿ ತೋರಿಸಿ, ಚೆನ್ನಾಗಿರುತ್ತೆ. ಚಂದ್ರ ಸರಾಸರಿ 3,84,400 ಕಿ.ಮೀ. ದೂರ, ಮೂರು ವಾರ ಅಂದ್ರೆ 504 ಗಂಟೆ, ಭಾಗಿಸಿದ್ರೆ ಗಂಟೆಗೆ 763 ಕಿ.ಮೀ. ಬರುತ್ತೆ, ಅಂದ್ರೆ ಬೆಂಗಳೂರಿಂದ ದಿಲ್ಲಿಗೆ ಹೋಗೋ ವಿಮಾನಕ್ಕಿಂತ ಸ್ವಲ್ಪ ಕಮ್ಮಿ! ಅಷ್ಟೇ ವೇಗದಲ್ಲಿ ನೆಟ್ಟಗೆ ಮೇಲಕ್ಕೆ ಹತ್ತಬೇಕಂದ್ರೆ ಆ ರಾಕೆಟ್ ಹೆಚ್ಚುಕಮ್ಮಿ ನಿಂತಲ್ಲೇ ನಿಂತ ಹಾಗೆ, ಎಂಜಿನ್ನಿನ ಶಕ್ತಿ ಎಲ್ಲಾ ಬೀಳದೇ ಇರೋಕೇ ಖರ್ಚಾಗುತ್ತೆ. ಎಂಜಿನ್ನಿಂದ ಅನಿಲ ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಹೊರಗೆ ಹೋಗುತ್ತೆ ಅಂತಿಟ್ಟುಕೊಳ್ಳಿ, ಒಳ್ಳೇ ಎಂಜಿನ್ನೇ ಅದು, ನೆಲದ ಹತ್ರ ಬರೀ ತೇಲ್ತಾ ನಿಲ್ಲೋಕೆ ಪ್ರತಿ ಐದು ನಿಮಿಷಕ್ಕೆ ಇದ್ದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಹತ್ರ ಉರಿದು ಹೋಗುತ್ತೆ. ನಾನೊಂದು ಭಾನುವಾರ ಮಧ್ಯಾಹ್ನ ಕೂತು ಲೆಕ್ಕ ಹಾಕಿದೆ, ಮೂರು ಟನ್ನಿನ ನೌಕೆ ಈ ವೇಗದಲ್ಲಿ ಮೊದಲ 6,400 ಕಿ.ಮೀ. ಹತ್ತೋಕೆ, ಅಂದ್ರೆ ದಾರಿಯಲ್ಲಿ ಅರವತ್ತನೇ ಒಂದು ಭಾಗ, ಬೇಕಾಗೋ ಇಂಧನದ ತೂಕ ಸುಮಾರು ಭೂಮಿಯ ತೂಕದಷ್ಟು. ಭೂಮಿ ತುಂಬಾ ದ್ರಾಕ್ಷಿ ತೋಟ ಮಾಡಿದ್ರೂ ಸಾಲಲ್ಲ, ಭೂಮಿನೇ ದ್ರಾಕ್ಷಿ ಆಗ್ಬೇಕು.

ಹಂಗಂತ ನಿಧಾನಕ್ಕೆ ಹೋಗಿ ಮೊದಲು ಮುಟ್ಟೋದು ಬರೀ ತಮಾಷೆ ಅಂತ ನಗೋ ಹಾಗೂ ಇಲ್ಲ, 2023ರಲ್ಲಿ ನಮ್ಮ ಕಣ್ಣೆದುರೇ ನಡೀತು. ಚಂದ್ರಯಾನ-3 ಹೊರಟಿದ್ದು ಜುಲೈ 14ಕ್ಕೆ, ಇಳಿದಿದ್ದು ಆಗಸ್ಟ್ 23ಕ್ಕೆ, ನಲವತ್ತು ದಿನ. ರಷ್ಯಾದ ಲೂನಾ-25 ಆಗಸ್ಟ್ 11ಕ್ಕೆ ಹೊರಟು ನಮಗಿಂತ ಮುಂಚೆ 21ಕ್ಕೇ ಇಳಿಯೋದಿತ್ತು, 19ನೇ ತಾರೀಕು ಚಂದ್ರನಿಗೆ ಬಡಿದು ಒಡೆದುಹೋಯ್ತು. ಆ ವಾರ ನಮ್ಮ ಹಳೇ ಸಹೋದ್ಯೋಗಿಗಳ ಗುಂಪಲ್ಲಿ ಯಾರೋ ಈ ಸಿನಿಮಾದ ಪೋಸ್ಟರ್ ಹಾಕಿದ್ರು, ಯಾರೂ ನಗಲಿಲ್ಲ, ಅವರ ಎಂಜಿನಿಯರುಗಳ ರಾತ್ರಿ ಹೇಗಿತ್ತು ಅಂತ ನಮಗೆಲ್ಲ ಗೊತ್ತಿತ್ತು, 2019ರಲ್ಲಿ ಚಂದ್ರಯಾನ-2ರ ವಿಕ್ರಮ್ ನೌಕೆ ಚಂದ್ರನ ಮೇಲೆ ಬಿದ್ದ ರಾತ್ರಿ ನಾವೂ ನಿದ್ದೆ ಮಾಡಿಲ್ಲ.

ನಮ್ಮ ನಲವತ್ತು ದಿನ ಫೆನ್ವಿಕ್‌ನ ಮೂರು ವಾರದಂಥದ್ದಲ್ಲ ಅನ್ನೋದನ್ನ ಮಾತ್ರ ಮಕ್ಕಳಿಗೆ ಬಿಡಿಸಿ ಹೇಳಿ. ಉಯ್ಯಾಲೆ ಜೀಕೋದು ನೆನಪು ಮಾಡ್ಕೊಳ್ಳಿ, ಒಂದೇ ತಳ್ಳಿಗೆ ಮರದ ತುದಿ ಮುಟ್ಟೋಕೆ ಭೀಮನೇ ಬರ್ಬೇಕು, ಆದ್ರೆ ಪ್ರತಿ ಸಲ ಕೆಳಗೆ ಬಂದಾಗ ಚಿಕ್ಕದೊಂದು ತಳ್ಳು ಕೊಡ್ತಾ ಹೋದ್ರೆ ಮಗುನೂ ಮುಟ್ಟಿಸುತ್ತೆ. ಚಂದ್ರಯಾನನ ಭೂಮಿ ಸುತ್ತ ಉದ್ದನೆ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟು, ಭೂಮಿ ಹತ್ರ ಬಂದಾಗಲೆಲ್ಲ ಎಂಜಿನ್ ಸ್ವಲ್ಪ ಉರಿಸಿ, ಹೀಗೆ ಐದು ಸಲ ಕಕ್ಷೆ ಎತ್ತರಿಸಿ, ಆಗಸ್ಟ್ 1ಕ್ಕೆ ಚಂದ್ರನ ದಾರಿಗೆ ಹಾಕಿದ್ರು. ಅದು ನಿಧಾನ ಅಲ್ಲವೇ ಅಲ್ಲ, ಭೂಮಿ ಹತ್ರ ಬಂದಾಗ ಸೆಕೆಂಡಿಗೆ ಹತ್ತು ಕಿ.ಮೀ. ಮೇಲೇ ಓಡ್ತಿರುತ್ತೆ. ಸುತ್ತುದಾರಿ ಅಷ್ಟೇ, ರಾಕೆಟ್ ಚಿಕ್ಕದಿದ್ದಾಗ ಹಿಡಿಯೋ ದಾರಿ.

ಇನ್ನು ನಿಮ್ಮ ಸೋಷಿಯಲ್ ಮೇಷ್ಟ್ರ ಮಾತು. ಅವರ ಸಿಟ್ಟಿಗೆ ಕಾರಣ ಇದೆ, ತಳ್ಳಿಹಾಕ್ಬೇಡಿ. 2014ರಲ್ಲಿ ಮಂಗಳಯಾನ ಮಂಗಳನ ಕಕ್ಷೆಗೆ ಸೇರಿದಾಗ ನ್ಯೂಯಾರ್ಕ್ ಟೈಮ್ಸ್ ಒಂದು ಕಾರ್ಟೂನ್ ಹಾಕಿತ್ತು, ಶ್ರೀಮಂತ ದೇಶಗಳ ಬಾಹ್ಯಾಕಾಶ ಕ್ಲಬ್ಬಿನ ಬಾಗಿಲು ಬಡೀತಾ ಪೇಟ ಸುತ್ತಿದ ರೈತ, ಪಕ್ಕದಲ್ಲಿ ಹಸು. ಓದುಗರು ಉಗಿದ ಮೇಲೆ ಪತ್ರಿಕೆ ಕ್ಷಮೆ ಕೇಳ್ತು. ಆದ್ರೆ ಆ ಕಾರ್ಟೂನನ್ನೂ ಈ ಸಿನಿಮಾನೂ ಒಂದೇ ತಕ್ಕಡಿಗೆ ಹಾಕೋದು ಸರಿಯಲ್ಲ ಅಂತ ನನಗನ್ಸುತ್ತೆ. ನಗೆ ಯಾರ ಮೇಲೆ ಬೀಳ್ತಿದೆ ಅಂತ ನೋಡಿ. ಕಾರ್ಟೂನಲ್ಲಿ ನಗ್ಬೇಕಾಗಿದ್ದು ಹೊರಗೆ ನಿಂತ ರೈತನನ್ನ ನೋಡಿ. ಸಿನಿಮಾದಲ್ಲಿ ಹಾಗಲ್ಲ. ಪ್ರಧಾನಿ ಮೌಂಟ್‌ಜಾಯ್ ಕೇಳೋದು ಅರ್ಧ ಮಿಲಿಯನ್ ಡಾಲರ್ ಸಾಲ, ಅಮೆರಿಕದವರು ಒಂದು ಮಿಲಿಯನ್ ಉಚಿತವಾಗಿ ಕೊಡ್ತಾರೆ, ಯಾಕೆ, ನಾವು ಚಂದ್ರನ ವಿಷಯದಲ್ಲಿ ಎಷ್ಟು ಉದಾರಿಗಳು ಅಂತ ಪ್ರಪಂಚಕ್ಕೆ ತೋರಿಸ್ಕೊಳ್ಳೋಕೆ. ಅದನ್ನ ನೋಡಿ ರಷ್ಯಾದವರಿಗೆ ಸುಮ್ನಿರೋಕಾಗಲ್ಲ, ಒಂದು ಹಳೇ ರಾಕೆಟ್ಟನ್ನೇ ಕಳಿಸ್ತಾರೆ. ಬ್ರಿಟಿಷರು ದುಡ್ಡು ಕೊಡಲ್ಲ, ಗೂಢಚಾರನನ್ನ ಕಳಿಸ್ತಾರೆ, ಟೆರ್ರಿ-ಥಾಮಸ್ ಮಾಡಿರೋ ಪಾತ್ರ, ಅವನಿಗೆ ನೆಟ್ಟಗೆ ಗೂಢಚಾರಿಕೆ ಮಾಡೋಕೂ ಬರಲ್ಲ. ಕೊನೆಗೆ ಚಂದ್ರನ ಮೇಲೆ ಇಳಿದ ಅಮೆರಿಕ, ರಷ್ಯಾದವರ ನೌಕೆಗಳು ವಾಪಸ್ ಏಳೋಕಾಗದೆ, ಫೆನ್ವಿಕ್‌ನವರ ರಾಕೆಟ್ಟಲ್ಲೇ ಲಿಫ್ಟ್ ತಗೊಂಡು ಬರ್ತಾರೆ. ಇದ್ರಲ್ಲಿ ಪುಟ್ಟ ದೇಶನ ಆಡಿಕೊಂಡಿದ್ದೆಲ್ಲಿ? ಮಾರ್ಗರೆಟ್ ರುದರ್‌ಫರ್ಡ್ ಮಾಡಿರೋ ಆ ಮರೆಗುಳಿ ರಾಣಿನ ನೋಡಿ ನಗ್ತೀವಿ ನಿಜ, ಆದ್ರೆ ನಮ್ಮ ಮನೆ ಅಜ್ಜಿನ ನೋಡಿ ನಗೋ ಹಾಗೆ.

ಅದೇ 1963ರ ನವೆಂಬರ್ 21ಕ್ಕೆ ಕೇರಳದ ತುಂಬಾ ಅನ್ನೋ ಊರಿಂದ ನಮ್ಮ ದೇಶದ ಮೊದಲ ರಾಕೆಟ್ ಹಾರ್ತು. ರಾಕೆಟ್ ನೈಕ್-ಅಪಾಚೆ, ಕೊಟ್ಟಿದ್ದು ಅಮೆರಿಕದ ನಾಸಾ. ಒಳಗಿದ್ದ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ರಷ್ಯಾದವರು ಹೆಲಿಕಾಪ್ಟರು, ಕಂಪ್ಯೂಟರು ಕೊಟ್ರು. ಮೇರಿ ಮ್ಯಾಗ್ಡಲೀನ್ ಚರ್ಚೇ ಆಫೀಸು, ಊರಿನ ಬಿಷಪ್ಪರು ಜನರ ಒಪ್ಪಿಗೆ ತಗೊಂಡು ಬಿಟ್ಟುಕೊಟ್ಟಿದ್ದು. ಕಥೆ ಮೇಲ್ನೋಟಕ್ಕೆ ಫೆನ್ವಿಕ್ ಥರವೇ ಕಾಣುತ್ತೆ, ಅದಕ್ಕೇ ಮೇಷ್ಟ್ರಿಗೆ ಚುಚ್ಚೋದು. ವ್ಯತ್ಯಾಸ ಅರ್ಜಿಯಲ್ಲಿದೆ. ಮೌಂಟ್‌ಜಾಯ್ ಚಂದ್ರ ಅಂತ ಬರೆದು ಬಚ್ಚಲಿಗೆ ನಲ್ಲಿ ಹಾಕಿಸ್ತಾನೆ. ವಿಕ್ರಮ್ ಸಾರಾಭಾಯಿ ಏನು ಬೇಕೋ ಅದನ್ನೇ ಬರೆದ್ರು, ಭೂಮಿಯ ಅಯಸ್ಕಾಂತ ಸಮಭಾಜಕ, ಅಂದ್ರೆ ಅದರ ಕಾಂತಕ್ಷೇತ್ರದ ನಡುಗೆರೆ, ತುಂಬಾ ಊರಿನ ಹತ್ರವೇ ಹಾದು ಹೋಗುತ್ತೆ, ಅಲ್ಲಿಂದ ಮೇಲಿನ ವಾತಾವರಣ ನೋಡೋದು ಎಲ್ಲ ದೇಶದ ವಿಜ್ಞಾನಿಗಳಿಗೂ ಬೇಕು, ಬನ್ನಿ ಅಂದ್ರು. ಚಂದ್ರನಿಗೆ ಹೋಗೋದ್ರಲ್ಲಿ ಶ್ರೀಮಂತ ದೇಶಗಳ ಜೊತೆ ಪೈಪೋಟಿ ಮಾಡೋ ಭ್ರಮೆ ನಮಗಿಲ್ಲ ಅಂತ ಬಾಯಿಬಿಟ್ಟೇ ಹೇಳಿದ್ರು ಅವರು. ತುಂಬಾಗೆ ದಾನ ಬಂತು ಅನ್ನೋದಕ್ಕಿಂತ ಎಲ್ಲರೂ ಪಾಲು ಹಾಕಿದ್ರು ಅನ್ನೋದು ಸರಿ.

ಹೌದು, ನಾಚಿಕೆ ವಿಷ್ಯ ಹೇಳ್ತೀನಿ ಅಂದಿದ್ದೆ. ನಾನು ಜೂನಿಯರ್ ಆಗಿದ್ದಾಗ ನಮ್ಮ ರೂಮಿಗೆ ಎಸಿ ಬೇಕು ಅಂತ ಮೂರು ವರ್ಷ ಬರೆದ್ವಿ, ಮೂರು ವರ್ಷವೂ ಸಿಬ್ಬಂದಿ ಸೌಕರ್ಯಕ್ಕೆ ಹಣ ಇಲ್ಲ ಅಂತ ವಾಪಸ್ ಬಂತು. ನಾಲ್ಕನೇ ವರ್ಷ ನಮ್ಮ ಹಿರಿಯರೊಬ್ರು ಅದೇ ಕಾಗದದಲ್ಲಿ 'ಸಂವೇದಕಗಳ ಉಷ್ಣಾಂಶ ನಿಯಂತ್ರಣ' ಅಂತ ಬರೆದ್ರು, ಹದಿನೈದು ದಿನಕ್ಕೆ ಎರಡು ಎಸಿ ಬಂತು, ಸಂವೇದಕಗಳನ್ನ ಒಂದು ಮೂಲೆಯಲ್ಲಿ ಶಾಸ್ತ್ರಕ್ಕೆ ಇಟ್ಕೊಂಡು ನಾವು ತಣ್ಣಗೆ ಕೂತ್ವಿ. ಮೌಂಟ್‌ಜಾಯ್ ನಮ್ಮಲ್ಲೂ ಇದ್ದ ಮೇಡಂ, ಒಳ್ಳೇ ಕೈಬರಹ ಅವನದು.

ಪುಟ್ಟ ದೇಶಗಳು ನಿಜಕ್ಕೂ ಹೋಗಿದಾವಾ ಅಂದ್ರಿ. ಫೆನ್ವಿಕ್‌ಗೆ ತೀರಾ ಹತ್ತಿರದ ನೆಂಟ ಲಕ್ಸೆಂಬರ್ಗ್. ಫೆನ್ವಿಕ್ ಥರ ಅದೂ ಗ್ರ್ಯಾಂಡ್ ಡಚಿನೇ, ಅಂದ್ರೆ ಗ್ರ್ಯಾಂಡ್ ಡ್ಯೂಕ್ ಅನ್ನೋ ಅರಸರ ದೇಶ, ಪ್ರಪಂಚದಲ್ಲಿ ಈಗ ಉಳಿದಿರೋದು ಅದೊಂದೇ, ಅಲ್ಲೂ ನದಿ ದಡದಲ್ಲಿ ವೈನ್ ದ್ರಾಕ್ಷಿ ಬೆಳೀತಾರೆ. ವಿಸ್ತೀರ್ಣ 2,586 ಚದರ ಕಿ.ಮೀ., ನಮ್ಮ ಕೊಡಗು 4,102. ಅವರು ರಾಕೆಟ್ ಕಟ್ಟೋಕೆ ಹೋಗಲೇ ಇಲ್ಲ. 1985ರಲ್ಲಿ ಎಸ್‌ಇಎಸ್ ಅಂತ ಉಪಗ್ರಹ ಕಂಪನಿ ಶುರುವಾಯ್ತು, 1988ರಲ್ಲಿ ಮೊದಲ ಅಸ್ಟ್ರಾ ಉಪಗ್ರಹನ ಯುರೋಪಿನ ಏರಿಯಾನ್ ರಾಕೆಟ್ಟಲ್ಲಿ ಹಾರಿಸಿ ಟಿವಿ ಚಾನೆಲ್‌ಗಳಿಗೆ ಬಾಡಿಗೆಗೆ ಕೊಟ್ರು, ಅದು ದೊಡ್ಡ ದುಡಿಮೆ ಆಯ್ತು. 2017ರಲ್ಲಿ ಕ್ಷುದ್ರಗ್ರಹದಿಂದ ತೆಗೆದ ಖನಿಜ ತೆಗೆದವನಿಗೇ ಸೇರುತ್ತೆ ಅಂತ ಕಾನೂನೇ ಮಾಡಿದ್ರು. ಎಲ್ಲಾ ಹೂವಿನ ಹಾಸಿಗೆ ಏನಲ್ಲ, ಕ್ಷುದ್ರಗ್ರಹ ಅಗೀತೀವಿ ಅಂದ ಕಂಪನಿಯೊಂದಕ್ಕೆ ಸರ್ಕಾರ ಹಾಕಿದ್ದ ದುಡ್ಡು ಮುಳುಗಿಯೂ ಹೋಯ್ತು. ಪೆಸಿಫಿಕ್ ಸಾಗರದ ಟೋಂಗಾ ಇನ್ನೂ ಚಾಲೂಕು, 1980ರ ದಶಕದ ಕೊನೆಗೆ ಭೂಸ್ಥಿರ ಕಕ್ಷೆಯಲ್ಲಿ, ಅಂದ್ರೆ ಉಪಗ್ರಹ ನಮ್ಮ ತಲೆ ಮೇಲೆ ಒಂದೇ ಕಡೆ ನಿಂತ ಹಾಗೆ ಕಾಣೋ ಕಕ್ಷೆಯಲ್ಲಿ, ತನ್ನ ಹೆಸರಿಗೆ ಜಾಗಗಳನ್ನ ಗುರುತು ಹಾಕಿಸ್ಕೊಂಡು ಬೇರೆಯವರಿಗೆ ಬಾಡಿಗೆಗೆ ಬಿಡೋಕೆ ಹೊರಟಿತು, ಆಕಾಶದಲ್ಲಿ ಸೈಟು! ಜಾಂಬಿಯಾ ಸ್ವತಂತ್ರ ಆದ 1964ರಲ್ಲಿ ಅಲ್ಲಿನ ಮೇಷ್ಟ್ರೊಬ್ರು, ಎಡ್ವರ್ಡ್ ಮಕುಕ ನ್ಕೊಲೊಸೊ ಅಂತ, ಹುಡುಗರನ್ನ ಎಣ್ಣೆ ಡ್ರಮ್ಮಲ್ಲಿ ಕೂರಿಸಿ ಗುಡ್ಡದಿಂದ ಉರುಳಿಸಿ ಗಗನಯಾತ್ರಿ ತರಬೇತಿ ಕೊಡ್ತಿದ್ರು, ವಿದೇಶಿ ಪತ್ರಕರ್ತರು ಬಂದು ನಕ್ಕು ಹೋದ್ರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡ ಮನುಷ್ಯ ಅವರು, ಬಂದವರನ್ನೇ ಆಟ ಆಡಿಸಿದ್ರಾ ಅಂತ ನನಗೆ ಬಲವಾದ ಅನುಮಾನ.

ನನ್ನ ಕೇಳಿದ್ರೆ ಭೂತಾನಿನ ದಾರಿ ಚೆನ್ನಾಗಿದೆ. ಅಲ್ಲಿನ ಎಂಜಿನಿಯರುಗಳು ಜಪಾನಿಗೆ ಹೋಗಿ ಕೈಯಲ್ಲಿ ಹಿಡಿಯೋವಷ್ಟು ಪುಟ್ಟ ಉಪಗ್ರಹ ಮಾಡಿದ್ರು, 2018ರಲ್ಲಿ ಅದನ್ನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬಿಟ್ರು. ಆಮೇಲೆ ಬೆಂಗಳೂರಿಗೆ ಬಂದು ಇಲ್ಲಿನ ಉಪಗ್ರಹ ಕೇಂದ್ರದಲ್ಲಿ ತರಬೇತಿ ತಗೊಂಡ್ರು, ನಮ್ಮವರ ಜೊತೆ ಸೇರಿ ಮಾಡಿದ ಐಎನ್‌ಎಸ್-2ಬಿ ಉಪಗ್ರಹ 2022ರ ನವೆಂಬರ್ 26ಕ್ಕೆ ಪಿಎಸ್‌ಎಲ್‌ವಿಯಲ್ಲಿ ಹಾರ್ತು. ಇದ್ರಲ್ಲೂ ಕಷ್ಟ ಇದೆ, ಕಲಿತ ನಾಲ್ಕೈದು ಜನ ಬೇರೆ ದೇಶಕ್ಕೆ ಕೆಲಸಕ್ಕೆ ಹೋದ್ರೆ ಮತ್ತೆ ಮೊದಲಿಂದ ಶುರು. ಸ್ವಂತ ರಾಕೆಟ್ ಅನ್ನೋ ದಾರಿ ಹಿಡಿದ್ರೆ ಅಪಾಯ ಬೇರೇ ಥರ, ಹಾರಿಸಿದ ವಸ್ತು ಎಲ್ಲಿ ಬಿದ್ರೂ ಹೊಣೆ ಆ ದೇಶದ್ದೇ, 1972ರ ಅಂತರರಾಷ್ಟ್ರೀಯ ಒಪ್ಪಂದ ಅದನ್ನ ಹೇಳುತ್ತೆ. 1978ರಲ್ಲಿ ರಷ್ಯಾದ ಕಾಸ್ಮೋಸ್-954 ಉಪಗ್ರಹ ಕೆನಡಾದ ಮೇಲೆ ಚೂರುಚೂರಾಗಿ ಬಿದ್ದು ಅವರು 30 ಲಕ್ಷ ಕೆನಡಿಯನ್ ಡಾಲರ್ ಕಟ್ಟಿದ್ರು. ಫೆನ್ವಿಕ್ ರಾಕೆಟ್ ಪಕ್ಕದ ಫ್ರಾನ್ಸಿಗೆ ಬಿದ್ದಿದ್ರೆ ಬಿಸಿನೀರಿನ ನಲ್ಲಿನೂ ಹರಾಜು. ಅಂದಹಾಗೆ ಮೊದಲು ಇಳಿದವರಿಗೆ ಚಂದ್ರ ಸೇರುತ್ತಾ ಅಂತ ಯಾರಾದ್ರೂ ಹುಡುಗ ಕೇಳೇ ಕೇಳ್ತಾನೆ, ಇಲ್ಲ, 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾರಿಗೂ ಸೇರಲ್ಲ.

ಒಂದು ವಿಷಯದಲ್ಲಿ ಮಾತ್ರ ಸಿನಿಮಾ ನನಗೆ ಬೇಜಾರು ಮಾಡುತ್ತೆ, ಅದು ಸೈನ್ಸ್ ತಪ್ಪಲ್ಲ, ಎಲ್ಲಾ ಬೇಗ ಬೇಗ ಆಗಿಬಿಡುತ್ತೆ ಅನ್ನೋದು. ಒಂದ್ಸಲ ನಮ್ಮ ಪರೀಕ್ಷೆ ಶುರುವಾಗೋಕೆ ನಲವತ್ತು ಸೆಕೆಂಡ್ ಇದ್ದಾಗ ನಿಂತೋಯ್ತು, ಒಂದು ಟ್ಯಾಂಕಿನ ಒತ್ತಡ ಇಳಿಯಬೇಕಾದ ಹೊತ್ತಲ್ಲಿ ಇಳೀತಿಲ್ಲ. ಎಲ್ಲಾ ಸುರಕ್ಷಿತ ಮಾಡಿ, ಕಾದು, ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಹತ್ತಿ ನೋಡಿದ್ರೆ ಹೊರಗಿನ ಗಾಳಿಕೊಳವೆ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಹೆಬ್ಬೆರಳು ಗಾತ್ರ, ನೀಟಾಗಿ ಮೆತ್ತಿತ್ತು. ಕೊಳವೆಯ ಟೋಪಿ ಎರಡು ದಿನದ ಹಿಂದೆ ತೆಗೆದವರು ವಾಪಸ್ ಹಾಕಿರಲಿಲ್ಲ. ತೆಗೆದವನು ನಾನೇ. ಇದನ್ನ ಬೇಕಾದ್ರೆ ಮಕ್ಕಳಿಗೆ ಹೇಳಿ, ಹೆಸರು ಬೇಡ.

ತೋರಿಸೋದು ಹೇಗೆ ಅಂತ. ಸಿನಿಮಾ ಒಂದೂವರೆ ಗಂಟೆ ಒಳಗೇ ಮುಗಿಯುತ್ತೆ, ಆದ್ರೆ ಬ್ರಿಟಿಷ್ ಇಂಗ್ಲಿಷ್ ಮಾತು, ಹಾಗೇ ಹಾಕಿಬಿಟ್ರೆ ಇಪ್ಪತ್ತು ನಿಮಿಷಕ್ಕೆ ಹಿಂದಿನ ಬೆಂಚು ಮಲಗುತ್ತೆ. ಬರೀ ರಾಕೆಟ್ ಸೀನ್ ಆರಿಸಿ ತೋರಿಸಿದ್ರೆ ಬೀಳೋದು ಏಳೋದು ಮಾತ್ರ ಉಳಿದು ವ್ಯಂಗ್ಯ ಪೂರ್ತಿ ಹೋಗುತ್ತೆ, ಆಗ ಮೇಷ್ಟ್ರು ಹೇಳಿದ್ದೇ ನಿಜ ಆದ ಹಾಗೆ ಕಾಣುತ್ತೆ. ನನ್ನ ಪ್ರಕಾರ ದುಡ್ಡು ಕೇಳೋ ಭಾಗ, ಹೊರಡೋ ಭಾಗ, ಚಂದ್ರನ ಮೇಲಿನ ಭಾಗ ಮೂರೂ ತೋರಿಸಿ, ಮಧ್ಯ ಮಧ್ಯ ನಿಲ್ಲಿಸಿ ನೀವು ಕನ್ನಡದಲ್ಲಿ ಕಥೆ ಹೇಳಿ, ದುಡ್ಡಿನ ಭಾಗ ಮೇಷ್ಟ್ರ ಕೈಲೇ ಹೇಳಿಸಿ, ಶೀತಲ ಸಮರ ಅವರ ಪಾಠ. 1963ರ ಸೆಪ್ಟೆಂಬರಲ್ಲಿ ಕೆನಡಿ ವಿಶ್ವಸಂಸ್ಥೆಯಲ್ಲಿ ನಿಂತು ರಷ್ಯಾ, ಅಮೆರಿಕ ಒಟ್ಟಿಗೇ ಚಂದ್ರನಿಗೆ ಹೋಗೋಣ ಅಂದಿದ್ರು, ಅದನ್ನ ಅವರು ಚೆನ್ನಾಗಿ ಎತ್ತಿಕೊಳ್ತಾರೆ. ಶಾಲೆಯವರು, ಮಕ್ಕಳು, ಪೋಷಕರಿಗೆ ಪಾಠದ ಭಾಗವಾಗಿ ತೋರಿಸೋಕೆ ಕಾಪಿರೈಟ್ ಕಾನೂನಲ್ಲಿ ವಿನಾಯಿತಿ ಇದೆ, ಟಿಕೆಟ್ ಇಟ್ಟು ಊರಿಗೆಲ್ಲ ತೋರಿಸಬೇಡಿ ಅಷ್ಟೇ.

ಆ ಹುಡುಗನಿಗೆ ಕೆಲಸ ಬೇಕಲ್ಲ, ನೀರಿನ ರಾಕೆಟ್ ಮಾಡಿಸಿ. ಸೋಡಾ ತುಂಬೋ ಪ್ಲಾಸ್ಟಿಕ್ ಬಾಟಲೇ ಆಗ್ಬೇಕು, ನೀರಿನ ಬಾಟಲ್ ಬೇಡ, ಅದು ಒತ್ತಡ ತಡೆಯಲ್ಲ. ಮೂರನೇ ಒಂದು ಭಾಗ ನೀರು, ಬಿರಡೆಯಲ್ಲಿ ಸೈಕಲ್ ವಾಲ್ವ್, ಸೈಕಲ್ ಪಂಪಿಂದ ಗಾಳಿ, ಒತ್ತಡ ತೋರಿಸೋ ಗೇಜ್ ಇರೋ ಪಂಪೇ ತನ್ನಿ, ಗೇಜಲ್ಲಿ ನಲವತ್ತು ಪೌಂಡ್ (ಪಿಎಸ್‌ಐ) ಸಾಕು. ದಾರ ಎಳೆದು ಬಿಡೋ ಹಾಗೆ ಮಾಡಿ, ಎಲ್ಲರೂ ಹತ್ತು ಮಾರು ದೂರ. ಬಾಟಲಿಲಿ ಗ್ಯಾಸ್ ಸೇರಿ ಸಿಡಿಯೋ ಶಕ್ತಿನೇ ಇಲ್ಲಿ ಒಂದೇ ದಿಕ್ಕಿಗೆ ಹೋಗುತ್ತೆ, ಅವನಿಗೆ ತಕ್ಷಣ ಅರ್ಥ ಆಗುತ್ತೆ.

ಬಚ್ಚಲುಮನೆ ಸೀನ್ ಮಾತ್ರ ದಯವಿಟ್ಟು ಕಟ್ ಮಾಡ್ಬೇಡಿ. ಅಲ್ಲಿಗೆ ಬಂದಾಗ ಪಾಸ್ ಒತ್ತಿ ಪೀಣ್ಯದ ಕಥೆ ಹೇಳಿ. ನಮ್ಮ ಮೊದಲ ಉಪಗ್ರಹ ಆರ್ಯಭಟ ತಯಾರಾಗಿದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ, ಉಡುಪಿ ಹತ್ರದ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ, ಹಾರಿದ್ದು 1975ರ ಏಪ್ರಿಲ್ 19ಕ್ಕೆ ರಷ್ಯಾದ ರಾಕೆಟ್ಟಲ್ಲಿ. ಅದರಿಂದ ಬರೋ ಡೇಟಾ ಹಿಡಿಯೋಕೆ ಬೆಂಗಳೂರಲ್ಲಿ ಜಾಗ ಸಾಲದೆ ಒಂದು ಟಾಯ್ಲೆಟ್ಟನ್ನೇ ಖಾಲಿ ಮಾಡಿಸಿ ಮಷೀನ್ ಇಟ್ಟಿದ್ರು ಅಂತ ಆಗ ಅಲ್ಲಿದ್ದ ಹಿರಿಯರು ಹೇಳ್ಕೊಂಡು ನಗ್ತಿದ್ರು. ಫೆನ್ವಿಕ್‌ನವರು ರಾಕೆಟ್ ದುಡ್ಡಲ್ಲಿ ಬಚ್ಚಲು ಕಟ್ಟಿದ್ರು, ನಮ್ಮವರು ಟಾಯ್ಲೆಟ್ಟಲ್ಲಿ ಕೂತು ಉಪಗ್ರಹದ ಮಾತು ಕೇಳಿಸ್ಕೊಂಡ್ರು. ಬಾಟಲ್ ಮುಚ್ಚಳ ತೆಗೆದಾದ ಮೇಲೆ ಒಂದು ಮೆಸೇಜ್ ಹಾಕಿ ಮೇಡಂ, ಅಲ್ಲಿ ತನಕ ನನಗೂ ಸಮಾಧಾನ ಇಲ್ಲ.